ಒಳಲೆಯಿಂದ ಬಟ್ಟಲಿಗೆ

ಹಳೆಯ ಮನೆಗಳ ಪಾತ್ರೆ ಗೂಡಿನಲ್ಲಿ ಹುಡುಕಿದರೆ ಇಂದಿಗೂ ಒಂದು ಒಳಲೆ ಸಿಕ್ಕೀತು. ಅಂಗೈಯಲ್ಲಿ ಹಿಡಿಸುವ ಗಾತ್ರ, ಬೆಳ್ಳಿಯದೋ ಹಿತ್ತಾಳೆಯದೋ, ಒಂದು ಕಡೆಗೆ ಕೊಕ್ಕಿನಂತೆ ಚಾಚಿದ ಮೂತಿ. ಬಾಣಂತನ ಮಾಡಲು ಬಂದ ಅಜ್ಜಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಆ ಮೂತಿಯನ್ನು ಬಾಯಿಯ ಓರೆಗಿಟ್ಟು ಹಾಲನ್ನು ತೊಟ್ಟುತೊಟ್ಟಾಗಿ ಇಳಿಸುತ್ತಿದ್ದರು. ಆ ಉಪಕರಣದಲ್ಲಿ ತಪ್ಪೇನೂ ಇಲ್ಲ. ದಿನ ತುಂಬದೆ ಹುಟ್ಟಿ ಮೊಲೆ ಚೀಪಲು ಶಕ್ತಿಯಿಲ್ಲದ ಶಿಶುಗಳಿಗೆ ಅಮ್ಮನ ಹಾಲನ್ನು ಹಿಂಡಿ ಕುಡಿಸಲು ಅನೇಕ ಆಸ್ಪತ್ರೆಗಳಲ್ಲಿ ದಾದಿಯರು ಇದೇ ಆಕಾರದ ಪಾತ್ರೆಯನ್ನು ಬಳಸುತ್ತಾರೆ.

ತೊಂದರೆ ಶುರುವಾಗುವುದು ಆರೇಳು ತಿಂಗಳಾದ ಮೇಲೆ. ಮಗು ರಾಗಿ ಸರಿಯ ಬಟ್ಟಲು ಕಂಡರೆ ಬಾಯಿ ಬಿಗಿ ಹಿಡಿಯುತ್ತದೆ, ಗೋಣು ಆಡಿಸುತ್ತದೆ, ಬಾಯಿಗೆ ಹೋದದ್ದನ್ನು ಗಲ್ಲದ ಮೇಲೆ ಹರಿಸುತ್ತದೆ. ಆಗ ಮನೆಯವರ ಕೈ ಮತ್ತೆ ಒಳಲೆಯ ದಾರಿ ಹಿಡಿಯುತ್ತದೆ. ಪಾತ್ರೆ ಇರದಿರಬಹುದು, ವಿಧಾನ ಅದೇ: ಮಲಗಿಸುವುದು, ಕೈ ಹಿಡಿದುಕೊಳ್ಳುವುದು, ಅತ್ತು ಬಾಯಿ ತೆರೆದಾಗ ಸುರಿಯುವುದು. ಅಳುವ ಮಗು ಉಸಿರು ಎಳೆದುಕೊಳ್ಳುವ ಹೊತ್ತಿಗೇ ಗಂಜಿ ಬಿದ್ದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಅದಕ್ಕಿಂತ ಸದ್ದಿಲ್ಲದ ನಷ್ಟ ಇನ್ನೊಂದಿದೆ. ತುಟಿ, ನಾಲಿಗೆ, ವಸಡು ಮಾಡಬೇಕಾದ ಕೆಲಸವನ್ನೆಲ್ಲ ಹಾರಿಸಿ ಊಟವನ್ನು ನೇರ ಗಂಟಲಿಗೆ ಇಳಿಸಿದರೆ, ಮಗು ಉಣ್ಣುವುದನ್ನು ಕಲಿಯುವುದೇ ಇಲ್ಲ.

ಏಕೆಂದರೆ ಉಣ್ಣುವುದು ಕಲಿತು ಬರುವ ವಿದ್ಯೆ. ಹುಟ್ಟುತ್ತಲೇ ಮಗುವಿಗೆ ಗೊತ್ತಿರುವುದು ಚೀಪುವುದು ಮಾತ್ರ. ಮೊದಲ ನಾಲ್ಕೈದು ತಿಂಗಳು, ಬಾಯಿಗೆ ಬಂದ ಗಟ್ಟಿ ಪದಾರ್ಥ ಯಾವುದೇ ಇರಲಿ, ನಾಲಿಗೆ ತಾನಾಗಿಯೇ ಅದನ್ನು ಹೊರಕ್ಕೆ ತಳ್ಳುತ್ತದೆ. ಅದು ಹಟವಲ್ಲ, ಎಳೆಗಂಟಲಿಗೆ ಪ್ರಕೃತಿ ಇಟ್ಟ ಕಾವಲು. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ನಡುವೆ ಈ ತಳ್ಳಾಟ ಸಡಿಲವಾಗುತ್ತದೆ. ಆಮೇಲೂ ನಾಲಿಗೆ ತುತ್ತನ್ನು ಹಿಂದಕ್ಕೆ ಒಯ್ಯಬೇಕು, ಪಕ್ಕಕ್ಕೆ ಸರಿಸಬೇಕು, ವಸಡಿನಡಿ ನುರಿಸಬೇಕು. ನಡಿಗೆ ಕಲಿಯುವಾಗ ಬೀಳುವ ಮಗುವನ್ನು ಯಾರೂ ಗದರುವುದಿಲ್ಲ. ತುತ್ತು ಉಗುಳಿದ ಮಗುವಿಗೆ ಮಾತ್ರ ‘ಬಾಯಿರುಚಿಯೇ ಇಲ್ಲ’ ಎಂಬ ಹೆಸರು ಬಂದುಬಿಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಹೀಗೆ: ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆರು ತುಂಬಿದ ಮೇಲೆ ಮೇಲೂಟ ಶುರು, ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ ಎದೆಹಾಲು. ನಮ್ಮಲ್ಲಿ ಗಂಡುಮಗುವಿಗೆ ಸಮಸಂಖ್ಯೆಯ ತಿಂಗಳಲ್ಲಿ, ಹೆಣ್ಣುಮಗುವಿಗೆ ಬೆಸಸಂಖ್ಯೆಯ ತಿಂಗಳಲ್ಲಿ ಅನ್ನಪ್ರಾಶನ ಮಾಡುವ ರೂಢಿಯಿದೆ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಗೋ ಮನೆದೇವರ ಗುಡಿಗೋ ಹೋಗಿ ನಾಲಿಗೆಗೆ ಪಾಯಸ ಮುಟ್ಟಿಸಿ ಬಂದ ಮರುದಿನವೇ ಮಗು ಬಟ್ಟಲು ಖಾಲಿ ಮಾಡಬೇಕೆಂದು ಹಿರಿಯರು ಕಾಯುತ್ತಾರೆ. ಮಗು ಇನ್ನೂ ಮೊದಲ ಪಾಠದಲ್ಲಿರುತ್ತದೆ. ಮೊದಲ ವಾರ ಎರಡು ಮೂರು ಚಮಚ ಒಳಗೆ ಹೋದರೆ ಅದೇ ಊಟ.

ಹಸಿವೆಯ ಲೆಕ್ಕವನ್ನೂ ಮನೆಯವರು ತಪ್ಪಾಗಿ ಹಾಕುವುದುಂಟು. ಮೂರು ಕಿಲೋ ಇದ್ದ ಕೂಸು ಸುಮಾರು ಐದು ತಿಂಗಳಿಗೆ ಆರು ಕಿಲೋ ಆಗುತ್ತದೆ. ಒಂಬತ್ತು ಆಗಲು ವರ್ಷ ತುಂಬಬೇಕು. ಮೊದಲ ಮೂರು ಕಿಲೋಗೆ ಐದು ತಿಂಗಳು, ಮುಂದಿನ ಮೂರಕ್ಕೆ ಏಳು. ಎರಡನೆಯ ವರ್ಷದಲ್ಲಿ ತೂಕ ಏರುವುದು ಇನ್ನೂ ನಿಧಾನ. ಬೆಳವಣಿಗೆಯ ಓಟ ತಗ್ಗಿದಂತೆ ಹಸಿವೆಯೂ ತಗ್ಗುತ್ತದೆ. ‘ಮೊದಲು ಎಷ್ಟು ಚೆನ್ನಾಗಿ ಕುಡಿಯುತ್ತಿತ್ತು, ಈಗ ಏನೂ ಬೇಡ ಅನ್ನುತ್ತೆ’ ಎಂಬ ಅಮ್ಮಂದಿರ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ. ದೃಷ್ಟಿ ತೆಗೆಯುವ ಮೊದಲು ತಾಯಿ ಕಾರ್ಡಿನಲ್ಲಿರುವ ತೂಕದ ಗೆರೆಯನ್ನು ನೋಡುವುದು ಒಳ್ಳೆಯದು. ಗೆರೆ ತನ್ನ ಹಾದಿಯಲ್ಲೇ ಮೇಲೇರುತ್ತಿದ್ದರೆ ಪಕ್ಕದ ಮನೆಯ ಮಗುವಿನ ಗಾತ್ರ ಲೆಕ್ಕಕ್ಕೆ ಬಾರದು.

ಹಾಗೆಂದು ಎಲ್ಲವೂ ಸರಿಯಿದೆ ಎಂದು ಕೂರುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 6ರಿಂದ 23 ತಿಂಗಳ ಮಕ್ಕಳಲ್ಲಿ ಕನಿಷ್ಠ ಮಟ್ಟದ ಸಮರ್ಪಕ ಆಹಾರ ಸಿಗುತ್ತಿದ್ದುದು ಶೇ. 11.3ರಷ್ಟು ಮಕ್ಕಳಿಗೆ ಮಾತ್ರ. ಬಡತನ ಇದಕ್ಕೆ ದೊಡ್ಡ ಕಾರಣ, ಅದೊಂದೇ ಕಾರಣವಲ್ಲ. ಅಡುಗೆಮನೆಯಲ್ಲೇ ಸರಿಪಡಿಸಬಹುದಾದ ಒಂದು ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದು ಗಂಜಿಯ ನೀರು.

ಮಗು ಉಣ್ಣದಿದ್ದಾಗ ಹೆಚ್ಚಿನವರು ಮೊದಲು ಮಾಡುವುದು ಸರಿಯನ್ನು ತೆಳ್ಳಗೆ ಮಾಡುವುದು. ತೆಳ್ಳಗಿದ್ದರೆ ಬೇಗ ಇಳಿಯುತ್ತದೆ, ಹೊಟ್ಟೆ ತುಂಬಿತೆಂಬ ಸಮಾಧಾನ. ಲೆಕ್ಕ ಹಾಕಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ನೂರು ಗ್ರಾಂ ಗಂಜಿಯಲ್ಲಿ ಐದು ಗ್ರಾಂ ರಾಗಿಹಿಟ್ಟಿದ್ದರೆ ಅದರಿಂದ ಬರುವ ಶಕ್ತಿ ಸುಮಾರು 16 ಕಿಲೋಕ್ಯಾಲರಿ. ಎದೆಹಾಲು ಕುಡಿಯುವ ಆರರಿಂದ ಎಂಟು ತಿಂಗಳ ಮಗುವಿಗೆ ಮೇಲೂಟದಿಂದ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಬೇಕು. ಅಷ್ಟನ್ನು ಈ ತೆಳು ಗಂಜಿಯಿಂದಲೇ ಪಡೆಯಬೇಕಾದರೆ ಒಂದು ಲೀಟರಿಗೂ ಮೀರಿ ಕುಡಿಯಬೇಕು. ಮಗುವಿನ ಜಠರ ಹಿಡಿಯುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್. ಎಂಟು ಕಿಲೋ ಕೂಸಿಗೆ ಒಂದು ಲೋಟದಷ್ಟು. ಅಂದರೆ ಹೊಟ್ಟೆ ತುಂಬಿದ ಮಗುವೇ ಹಸಿದ ಮಗು. ಅದೇ ನೂರು ಗ್ರಾಂ ಸರಿಗೆ ಹದಿನೈದು ಗ್ರಾಂ ಹಿಟ್ಟು ಹಾಕಿ, ಒಂದು ಚಿಕ್ಕ ಚಮಚ ತುಪ್ಪ ಬೆರೆಸಿದರೆ ಸುಮಾರು 90 ಕಿಲೋಕ್ಯಾಲರಿ ದಾಟುತ್ತದೆ. ಅಂಥ ಎರಡು ಪುಟ್ಟ ಬಟ್ಟಲು ಸಾಕು. ಚಮಚವನ್ನು ಓರೆ ಮಾಡಿದಾಗ ಸರಿ ಜಾರಿ ಬೀಳದೆ ನಿಂತರೆ ಅದು ಹದ.

ಗಟ್ಟಿಯಾದರೆ ಮಗು ನುಂಗಲಾರದು, ತೆಳುವಾದರೆ ಸತ್ವವಿಲ್ಲ. ಈ ಇಕ್ಕಟ್ಟಿಗೆ ನಮ್ಮ ಹಳೇ ಮೈಸೂರು ಸೀಮೆಯ ಹೆಂಗಸರ ಬಳಿ ಉತ್ತರವಿತ್ತು. ರಾಗಿಯನ್ನು ತೊಳೆದು, ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ, ಒಣಗಿಸಿ, ಘಮ್ಮೆನ್ನುವಂತೆ ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿ ತೆಗೆದ ಹಿಟ್ಟು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಪಿಷ್ಟದ ಉದ್ದನೆಯ ಸರಪಳಿಗಳನ್ನು ಅದು ತುಂಡರಿಸುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಂಟಾಗಿ ಬಿಗಿಯುವುದಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಇದನ್ನೇ ಹಿಡಿದು ಕೆಲಸ ಮಾಡಿದರು. ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದ ಕುದಿಸಿದರೂ ಮಂದವಾಗದ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಮನೆಯ ಕಟ್ಟೆಯ ಮೇಲೆ ಒಣಗುತ್ತಿದ್ದ ರಾಗಿಗೆ ಪ್ರಯೋಗಾಲಯ ಹಾಕಿದ ಮೊಹರು ಅದು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ ಇದೆ, ಅಕ್ಕಿಗೆ ಹೋಲಿಸಿದರೆ ಹಲವು ಪಟ್ಟು. ಮಲೆನಾಡು, ಕರಾವಳಿಯಲ್ಲಿ ರಾಗಿ ನೆನೆಸಿ ರುಬ್ಬಿ ಹಾಲು ಹಿಂಡಿ ಮಾಡುವ ಮಣ್ಣಿ ಇದರದೇ ಅಕ್ಕ. ಅದಕ್ಕೆ ಬೆಲ್ಲ ಹಾಕುವ ರೂಢಿ ಮಾತ್ರ ವರ್ಷ ತುಂಬುವವರೆಗೆ ಬೇಡ, ಉಪ್ಪೂ ಬೇಡ. ಜೇನುತುಪ್ಪವನ್ನಂತೂ ಮುಟ್ಟಿಸಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ವಿಷ ಹುಟ್ಟಿಸಬಲ್ಲವು.

ಸರಿ ಹದವಾಗಿದ್ದೂ ಮಗು ಮುಖ ಸಿಂಡರಿಸಿದರೆ? ಬೀಟ್‌ರೂಟನ್ನೋ ಪಾಲಕ್ಕನ್ನೋ ಒಮ್ಮೆ ಉಗುಳಿದರೆ ‘ನಮ್ಮ ಪಾಪುಗೆ ಅದು ಆಗಲ್ಲ’ ಎಂಬ ತೀರ್ಪು ಮನೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅಮೆರಿಕದ ಸಂಶೋಧಕಿಯರಾದ ಸೂಸನ್ ಸಲಿವಾನ್ ಮತ್ತು ಲಿಯಾನ್ ಬರ್ಚ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಳೆಯ ಮಕ್ಕಳಿಗೆ ಒಂದೇ ತರಕಾರಿಯನ್ನು, ಬಟಾಣಿಯನ್ನೋ ಹುರುಳಿಕಾಯಿಯನ್ನೋ, ಹತ್ತು ಸಲ ಕೊಟ್ಟು ನೋಡಿದರು. ಮೊದಲ ದಿನಕ್ಕಿಂತ ಕೊನೆಯ ದಿನ ಮಕ್ಕಳು ತಿಂದದ್ದು ಸಾಕಷ್ಟು ಹೆಚ್ಚು. ಎದೆಹಾಲು ಕುಡಿಯುವ ಮಕ್ಕಳಲ್ಲಿ ಈ ಏರಿಕೆ ಇನ್ನೂ ಜಾಸ್ತಿ. ಆಮೇಲೆ ಫಿಲಡೆಲ್ಫಿಯಾದಲ್ಲಿ ನಡೆದ ಮತ್ತೊಂದು ಅಧ್ಯಯನ ಒಂದು ಸೂಕ್ಷ್ಮವನ್ನು ಹೊರತಂದಿತು. ಎಂಟು ದಿನ ಹುರುಳಿಕಾಯಿ ತಿಂದ ಮಕ್ಕಳು ತಿನ್ನುವ ಪ್ರಮಾಣ ಹೆಚ್ಚಿಸಿಕೊಂಡರೂ ಮುಖ ಕಿವುಚುವುದನ್ನು ಬಿಟ್ಟಿರಲಿಲ್ಲ. ಹುಬ್ಬು ಗಂಟಿಕ್ಕಿದ್ದು ಅಚ್ಚರಿಗೆ ಇರಬಹುದು. ಮತ್ತೊಂದು ಚಮಚಕ್ಕೆ ಬಾಯಿ ತೆರೆಯುತ್ತದೆಯೇ ಎಂಬುದನ್ನಷ್ಟೇ ಅಮ್ಮ ನೋಡಬೇಕು.

ಹತ್ತು ಸಲ ಎಂದರೆ ಹತ್ತು ಸಲ ಯುದ್ಧವಲ್ಲ. ಒಂದು ದಿನ ಅರ್ಧ ಚಮಚ, ಬೇಡವೆಂದರೆ ಬಟ್ಟಲು ಪಕ್ಕಕ್ಕೆ, ಎರಡು ದಿನ ಬಿಟ್ಟು ಮತ್ತೆ ಅರ್ಧ ಚಮಚ. ಮಗುವಿಗೆ ಈಗಾಗಲೇ ಗುರುತಿರುವ ಬೇಳೆಕಟ್ಟಿನ ಜೊತೆಗೋ ಮೊಸರಿನ ಜೊತೆಗೋ ಹೊಸದನ್ನು ಸೇರಿಸಬಹುದು.

ರುಚಿಯ ಪರಿಚಯ ಬಟ್ಟಲಿಗೂ ಮುಂಚೆ ಶುರುವಾಗಿರುತ್ತದೆ ಎಂಬುದು ಬಾಣಂತನದ ಮನೆಗಳು ತಿಳಿಯಬೇಕಾದ ಸಂಗತಿ. ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದಂತೆ, ಬಸುರಿನ ಕೊನೆಯ ತಿಂಗಳುಗಳಲ್ಲೋ ಹಾಲೂಡಿಸುವಾಗಲೋ ಗಜ್ಜರಿ ರಸ ಕುಡಿದ ತಾಯಂದಿರ ಮಕ್ಕಳು, ಮುಂದೆ ಗಜ್ಜರಿ ಬೆರೆಸಿದ ಊಟಕ್ಕೆ ಕಡಿಮೆ ಮುಖ ಕಿವುಚಿದರು. ತಾಯಿ ತಿಂದ ಬೆಳ್ಳುಳ್ಳಿಯ ವಾಸನೆ ಹಾಲಿಗೆ ಬರುತ್ತದೆಂದೂ ಅಂಥ ಹಾಲನ್ನು ಮಕ್ಕಳು ಇನ್ನಷ್ಟು ಹೊತ್ತು ಕುಡಿಯುತ್ತವೆಂದೂ ಅವರೇ ಮೊದಲೊಮ್ಮೆ ಕಂಡಿದ್ದರು. ಬಾಣಂತಿಗೆ ಬೆಳ್ಳುಳ್ಳಿ ತಿನ್ನಿಸುವ ಅಜ್ಜಿಗೆ ಇದು ಸಂತೋಷದ ಸುದ್ದಿ. ಸೊಪ್ಪು ಶೀತ, ಬದನೆ ನಂಜು, ಹಣ್ಣು ಬೇಡವೇ ಬೇಡ ಎಂದು ತಿಂಗಳುಗಟ್ಟಲೆ ಮೆಣಸಿನ ಸಾರನ್ನದಲ್ಲೇ ಇಡುವ ಪಥ್ಯ ಮಾತ್ರ ತಾಯಿಯನ್ನು ಬಳಲಿಸುವುದರ ಜೊತೆಗೆ ಮಗುವಿಗೆ ಸಿಗಬಹುದಾದ ರುಚಿಗಳ ಪರಿಚಯವನ್ನೂ ತಪ್ಪಿಸುತ್ತದೆ.

ಮಗುವಿನ ಹಸಿವೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಯ ಬೆನ್ನು ಹತ್ತಿದವರು ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್. 1926ರಲ್ಲಿ ಶುರುವಾದ ಆಕೆಯ ಪ್ರಯೋಗ ಇಂದಿನ ನೀತಿನಿಯಮಗಳ ಮುಂದೆ ನಿಲ್ಲಲಾರದು. ಆದರೂ ಅದು ಕಲಿಸಿದ್ದು ದೊಡ್ಡದು. ಆಗತಾನೇ ಹಾಲು ಬಿಡಿಸಿದ ಆರರಿಂದ ಹನ್ನೊಂದು ತಿಂಗಳ ಒಟ್ಟು ಹದಿನೈದು ಮಕ್ಕಳು. ಅವರಿಗಾಗಿ 34 ಬಗೆಯ ಆಹಾರಗಳ ಪಟ್ಟಿ: ಹಾಲು, ಮೊಟ್ಟೆ, ಮಾಂಸ, ಧಾನ್ಯ, ಹಣ್ಣು, ತರಕಾರಿ, ಎಲ್ಲವೂ ಸಾದಾ, ಸಕ್ಕರೆ ಇಲ್ಲದ್ದು. ಪ್ರತಿ ಊಟಕ್ಕೂ ಅದರಲ್ಲಿ ಕೆಲವನ್ನು ತಟ್ಟೆಯಲ್ಲಿಟ್ಟು ಮಗುವಿನ ಮುಂದಿಡುತ್ತಿದ್ದರು. ದಾದಿ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಕೈ ಚಾಚಿದರೆ, ಬೊಟ್ಟು ಮಾಡಿದರೆ ಮಾತ್ರ ತಿನ್ನಿಸಬೇಕು. ‘ತಿನ್ನು’ ಎನ್ನುವಂತಿಲ್ಲ, ‘ಜಾಣ’ ಎಂದು ಹೊಗಳುವಂತೆಯೂ ಇಲ್ಲ. ಮೊದಮೊದಲು ಮಕ್ಕಳು ಚಮಚವನ್ನೂ ತಟ್ಟೆಯನ್ನೂ ಕಚ್ಚಿ ನೋಡಿದರು, ಕೆಲವನ್ನು ಉಗುಳಿದರು. ಸ್ವಲ್ಪ ದಿನಕ್ಕೆ ತಮಗೆ ಬೇಕಾದ್ದನ್ನು ಆರಿಸಿಕೊಳ್ಳತೊಡಗಿದರು. ದೊಡ್ಡವರ ಕಣ್ಣಿಗೆ ಅವರ ಆಯ್ಕೆ ವಿಚಿತ್ರ. ಒಬ್ಬರ ಬೆಳಗಿನ ಉಪಾಹಾರ ಕಿತ್ತಳೆ ರಸ ಮತ್ತು ಪಿತ್ತಜನಕಾಂಗ! ಮೂಳೆರೋಗದ ಮಗುವೊಂದು ತಟ್ಟೆಯಲ್ಲಿಟ್ಟ ಮೀನೆಣ್ಣೆಯನ್ನು ರೋಗ ವಾಸಿಯಾಗುವವರೆಗೆ ತಾನಾಗಿ ಕುಡಿದು, ಆಮೇಲೆ ಬಿಟ್ಟಿತು. ದಿನದಿನಕ್ಕೆ ಏರುಪೇರಿದ್ದರೂ ಎಲ್ಲರೂ ಚೆನ್ನಾಗಿ ಬೆಳೆದರು. 1939ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆಯುತ್ತ ಡೇವಿಸ್ ತಮ್ಮ ಗುಟ್ಟನ್ನು ತಾವೇ ಬಿಟ್ಟುಕೊಟ್ಟರು: ಜಾಣತನವಿದ್ದದ್ದು ಆಹಾರದ ಪಟ್ಟಿಯಲ್ಲಿ. ಕೆಟ್ಟದ್ದೇನೂ ಇಲ್ಲದ ತಟ್ಟೆಯಿಂದ ಮಗು ಏನನ್ನು ಆರಿಸಿದರೂ ಚಿಂತೆಯಿಲ್ಲ.

ತಟ್ಟೆಯಲ್ಲಿ ಏನಿರಬೇಕು ಎಂಬುದು ದೊಡ್ಡವರ ಕೆಲಸ, ಎಷ್ಟು ಒಳಗೆ ಹೋಗಬೇಕು ಎಂಬುದು ಮಗುವಿನದು. ನಮ್ಮ ಮನೆಗಳಲ್ಲಿ ಇದು ತಿರುಗುಮುರುಗಾಗಿದೆ. ಅಳು ನಿಲ್ಲಿಸಲು ಬಿಸ್ಕತ್ತೋ ಕುರುಕಲೋ ಕೊಟ್ಟು ಏನು ತಿನ್ನಬೇಕೆಂಬುದನ್ನು ಮಗುವಿನ ಹಟಕ್ಕೆ ಬಿಡುತ್ತಾರೆ. ಊಟದ ಹೊತ್ತಿಗೆ ಎಷ್ಟು ತಿನ್ನಬೇಕೆಂಬುದನ್ನು ಅಜ್ಜಿ ನಿರ್ಧರಿಸುತ್ತಾರೆ.

ಈ ಮಾತು ಪರದೇಶದ ಮನೆಗಳಿಗಷ್ಟೇ ಸಲ್ಲುವುದೇ ಎಂಬ ಅನುಮಾನ ಸಹಜ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು ಆಗಿನ್ನೂ ಒಂದಾಗಿದ್ದ ಆಂಧ್ರಪ್ರದೇಶದ 60 ಹಳ್ಳಿಗಳಲ್ಲಿ 600 ತಾಯಿ-ಮಕ್ಕಳ ಜೋಡಿಗಳನ್ನು, ಮಗುವಿಗೆ ಮೂರು ತಿಂಗಳಾದಾಗಿನಿಂದ ಹದಿನೈದು ತಿಂಗಳಾಗುವವರೆಗೆ ಗಮನಿಸಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರನೇ ಒಂದು ಭಾಗದ ಹಳ್ಳಿಗಳಲ್ಲಿ ಎಂದಿನ ಅಂಗನವಾಡಿ ಸೇವೆ ಮಾತ್ರ. ಇನ್ನೊಂದು ಭಾಗದಲ್ಲಿ ಮನೆಮನೆಗೆ ಹೋಗಿ ಯಾವ ತಿಂಗಳಿಗೆ ಏನು ಉಣಿಸಬೇಕೆಂದು ಹೇಳಿಕೊಟ್ಟರು. ಮತ್ತೊಂದು ಭಾಗದಲ್ಲಿ ಅದರ ಜೊತೆಗೆ ಮಗುವಿನ ಹಸಿವೆಯ ಸನ್ನೆ, ಸಾಕೆಂಬ ಸನ್ನೆ ಓದುವುದನ್ನೂ ಮಗುವಿನೊಡನೆ ಮಾತಾಡುತ್ತ ಆಡುವುದನ್ನೂ ಕಲಿಸಿದರು. ಕಲಿಸಿದ ಎರಡೂ ಕಡೆ ಮಕ್ಕಳ ಊಟ ಸುಧಾರಿಸಿತು. ಉಣಿಸುವ ಪಾಠವಷ್ಟೇ ಪಡೆದ ಗುಂಪಿನಲ್ಲಿ ಕುಂಠಿತ ಬೆಳವಣಿಗೆ ಕಡಿಮೆಯಾಯಿತು. ಸನ್ನೆ ಓದುವುದನ್ನೂ ಆಟವನ್ನೂ ಕಲಿತ ಗುಂಪಿನಲ್ಲಿ ಮಕ್ಕಳ ಬುದ್ಧಿ ಬೆಳವಣಿಗೆಯ ಅಂಕಗಳು ಏರಿದವು. ಇದನ್ನು ಮಾಡಿದವರು ಹಳ್ಳಿಯ ಸಾಮಾನ್ಯ ತಾಯಂದಿರು ಎಂಬುದು ನೆನಪಿನಲ್ಲಿರಲಿ.

ಮಗುವಿನ ಸನ್ನೆಗಳೇನೂ ಗೂಢಲಿಪಿಯಲ್ಲ. ಹಸಿದ ಮಗು ಚಮಚದ ಕಡೆ ಬಾಗುತ್ತದೆ, ಬಾಯಿ ತೆರೆದು ಕಾಯುತ್ತದೆ. ಸಾಕಾದ ಮಗು ನಿಧಾನಿಸುತ್ತದೆ, ಮುಖ ತಿರುಗಿಸುತ್ತದೆ, ಚಮಚ ದೂಡುತ್ತದೆ. ‘ಇನ್ನೊಂದೇ ತುತ್ತು, ಅಜ್ಜಿಗೋಸ್ಕರ’ ಎಂಬುದು ಪ್ರೀತಿಯ ಮಾತೇ. ಆದರೆ ಸಾಕೆಂದ ಮೇಲೆ ಬಂದ ಆ ಒಂದು ತುತ್ತು ಮಗುವಿಗೆ ತನ್ನ ಹೊಟ್ಟೆಯ ಮಾತನ್ನು ಕೇಳಬೇಡವೆಂದು ಹೇಳುತ್ತದೆ. ಊಟಕ್ಕೆ ಇಪ್ಪತ್ತು, ಹೆಚ್ಚೆಂದರೆ ಮೂವತ್ತು ನಿಮಿಷ ಸಾಕು. ಗಂಟೆಗಟ್ಟಲೆ ಬಟ್ಟಲು ಹಿಡಿದು ಹಿಂದೆ ಓಡಿದರೆ ಮುಂದಿನ ಊಟಕ್ಕೆ ಹಸಿವೆಯೇ ಉಳಿಯದು.

ಚಂದಮಾಮನನ್ನು ತೋರಿಸಿ, ಕಾಗೆಗೊಂದು ಗುಬ್ಬಿಗೊಂದು ಎಂದು ತುತ್ತಿಡುತ್ತಿದ್ದ ಕಾಲವನ್ನು ನೆನೆದು ‘ಈಗ ಮೊಬೈಲ್ ತೋರಿಸುತ್ತೇವೆ, ಎರಡೂ ಒಂದೇ’ ಎನ್ನುವವರಿದ್ದಾರೆ. ಒಂದೇ ಅಲ್ಲ. ಚಂದ್ರ ಮಗುವಿನ ಕಣ್ಣನ್ನು ಕಟ್ಟಿಹಾಕುವುದಿಲ್ಲ. ಅಲ್ಲಿ ಅಮ್ಮನ ದನಿ ಇದೆ, ಮಗು ತಿರುಗಿ ಅವಳ ಮುಖ ನೋಡುತ್ತದೆ, ತುತ್ತು ಬಂದದ್ದು ಅದಕ್ಕೆ ಗೊತ್ತಾಗುತ್ತದೆ. ಪರದೆಯ ಮುಂದೆ ಕೂತ ಮಗು ತಾನು ಏನು ತಿಂದೆ, ಯಾವಾಗ ಹೊಟ್ಟೆ ತುಂಬಿತು ಎಂಬುದನ್ನೇ ಅರಿಯದೆ ನುಂಗುತ್ತದೆ. ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೊಬೈಲಿನ ಬದಲಿಗೆ ಮನೆಯವರ ಪಂಕ್ತಿಯಲ್ಲೇ ಮಗುವನ್ನೂ ಕೂರಿಸಿದರೆ ಅಪ್ಪ ಮುದ್ದೆ ಮುರಿಯುವುದು, ಅಕ್ಕ ಸೌತೆಕಾಯಿ ಕಚ್ಚುವುದು ಅದಕ್ಕೆ ಪಾಠ. ಬೆರಳಲ್ಲಿ ಅನ್ನ ಹಿಸುಕಲಿ, ನೆಲಕ್ಕೆ ಬೀಳಿಸಲಿ. ಕೆಳಗೆ ಹಳೇ ಪಂಚೆ ಹಾಸಿದರಾಯಿತು.

ಮಿಕ್ಸಿಯ ವಿಷಯವನ್ನೂ ಹೇಳಬೇಕು. ಗಂಟಲಿಗೆ ಸಿಕ್ಕೀತೆಂಬ ಭಯದಿಂದ ಒಂದೂವರೆ ವರ್ಷದವರೆಗೂ ಅನ್ನ-ಸಾರನ್ನು ರುಬ್ಬಿ ಉಣಿಸುವ ಮನೆಗಳು ಕಡಿಮೆಯಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ, ಹತ್ತು ತಿಂಗಳು ಕಳೆದ ಮೇಲೆ ಮೊದಲ ಬಾರಿಗೆ ಗಂಟುಗಂಟಾದ ಊಟ ಕಂಡ ಮಕ್ಕಳಿಗೆ ಹದಿನೈದು ತಿಂಗಳಲ್ಲಿ ಊಟದ ತಕರಾರು ಹೆಚ್ಚಿತ್ತು. ಏಳನೇ ವಯಸ್ಸಿನಲ್ಲಿ ಹಣ್ಣು-ತರಕಾರಿ ತಿನ್ನುವುದರಲ್ಲೂ ಅವರು ಹಿಂದೆ. ಹಾಗಾಗಿ ಏಳನೇ ತಿಂಗಳಿಗೆ ಮಿಕ್ಸಿ ಬಿಟ್ಟು ಬೆರಳು: ಮೆತ್ತಗೆ ಬೇಯಿಸಿದ ಹೆಸರುಬೇಳೆ ಅನ್ನವನ್ನು ಮಿದಿದು ಕೊಡುವುದು. ಎಂಟು-ಒಂಬತ್ತಕ್ಕೆ ಕೈಗೆ ಇಡ್ಲಿಯ ತುಂಡು, ಬೆಂದ ಕುಂಬಳ, ಮಾಗಿದ ಪಪ್ಪಾಯಿ. ವರ್ಷಕ್ಕೆ ಮನೆಯ ಊಟವೇ, ಖಾರ ತಗ್ಗಿಸಿ. ಮಗು ನಡುವೆ ಓಕರಿಸಬಹುದು. ಎಳೆಮಕ್ಕಳಲ್ಲಿ ಓಕರಿಕೆ ಹುಟ್ಟುವ ಜಾಗ ನಾಲಿಗೆಯ ಮೇಲೆ ಸ್ವಲ್ಪ ಮುಂದಿರುವುದರಿಂದ ತುತ್ತು ಗಂಟಲಿಗೆ ತಲಪುವ ಮೊದಲೇ ಅದು ವಾಪಸ್ ಬರುತ್ತದೆ. ಕೆಮ್ಮಿ, ಸದ್ದು ಮಾಡಿ, ಮುಖ ಕೆಂಪಾದರೆ ಮಗು ತಾನೇ ಸಂಭಾಳಿಸುತ್ತಿದೆ ಎಂದರ್ಥ. ಸದ್ದೇ ಇಲ್ಲದೆ, ಉಸಿರಾಡಲಾಗದೆ, ತುಟಿ ನೀಲಿಗಟ್ಟುವುದು ಅಪಾಯ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹಸಿ ಗಜ್ಜರಿಯ ತುಂಡು ಕೊಡಬಾರದು, ಮಗುವನ್ನು ಯಾವಾಗಲೂ ನೆಟ್ಟಗೆ ಕೂರಿಸಿಯೇ ಉಣಿಸಬೇಕು ಎನ್ನುವುದು ಇದಕ್ಕೇ.

ಕೆಲವು ಮಕ್ಕಳ ನಿರಾಕರಣೆಗೆ ದೇಹದೊಳಗೇ ಕಾರಣವಿರುತ್ತದೆ. ತಾಯಿಯಿಂದ ಪಡೆದು ಬಂದ ಕಬ್ಬಿಣದ ದಾಸ್ತಾನು ಸುಮಾರು ಆರು ತಿಂಗಳಿಗೆ ಮುಗಿಯುತ್ತ ಬರುತ್ತದೆ. ಊಟದಲ್ಲಿ ಕಬ್ಬಿಣ ಇಲ್ಲದಿದ್ದರೆ ರಕ್ತಹೀನತೆ, ರಕ್ತಹೀನತೆಯಿಂದ ಹಸಿವೆ ಮಂದ, ಹಸಿವೆಯಿಲ್ಲದ್ದರಿಂದ ಇನ್ನಷ್ಟು ರಕ್ತಹೀನತೆ. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಉಣ್ಣಲಿಲ್ಲವೆಂದು ಲೋಟಗಟ್ಟಲೆ ಹಸುವಿನ ಹಾಲು ಕುಡಿಸುವುದು ಇದಕ್ಕೆ ಎಣ್ಣೆ ಸುರಿದಂತೆ. ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಹೊಟ್ಟೆಯನ್ನು ಮಾತ್ರ ಅದು ತುಂಬಿಸಿಬಿಡುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಗಳು ಆರು ತಿಂಗಳ ನಂತರ ಅವನ್ನು ಮೆತ್ತಗೆ ಬೇಯಿಸಿ ಕೊಡಬಹುದು. ಬೇಳೆ, ಸೊಪ್ಪು ಉಣಿಸುವವರು ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಮೈಗೆ ಹತ್ತುತ್ತದೆ. ಸರ್ಕಾರದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ ಆರು ತಿಂಗಳು ತುಂಬಿದ ಮಗುವಿಗೆ ವಾರಕ್ಕೆರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಕೊಡಬೇಕೆಂಬ ನಿಯಮವಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಅದರ ಬಗ್ಗೆ ಕೇಳಬೇಕು.

ವೈದ್ಯರ ಬಳಿ ಹೋಗಲೇಬೇಕಾದ ಸಂದರ್ಭಗಳೂ ಇವೆ. ತೂಕದ ಗೆರೆ ಚಪ್ಪಟೆಯಾದರೆ ಅಥವಾ ಇಳಿದರೆ, ಪ್ರತಿ ಊಟದಲ್ಲೂ ಕೆಮ್ಮು ಬಂದು ನೆತ್ತಿಗೆ ಹತ್ತುತ್ತಿದ್ದರೆ, ಊಟ ಕಂಡೊಡನೆ ಬೆನ್ನು ಸೆಟೆಸಿ ಅಳುತ್ತಿದ್ದರೆ, ಪದೇಪದೇ ವಾಂತಿಯಾಗುತ್ತಿದ್ದರೆ, ಒಂಬತ್ತು-ಹತ್ತು ತಿಂಗಳಾದರೂ ಕೂರಲಾಗದಿದ್ದರೆ, ನುಣ್ಣಗಿನದು ಬಿಟ್ಟು ಬೇರೇನನ್ನೂ ನುಂಗಲಾಗದಿದ್ದರೆ ತಡಮಾಡಬಾರದು. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿನ ವಿಷಯದಲ್ಲಿ ಆ ಎರಡು ತಿಂಗಳನ್ನು ಕಳೆದೇ ಲೆಕ್ಕ ಹಾಕಬೇಕು. ಅಂಥ ಮಗುವಿಗೆ ಮೇಲೂಟ ಯಾವಾಗ ಶುರು ಎಂದು ವೈದ್ಯರೇ ಹೇಳಲಿ.

ಜ್ವರ, ಭೇದಿ, ಹಲ್ಲು ಮೂಡುವ ದಿನಗಳಲ್ಲಿ ನಿನ್ನೆಯವರೆಗೆ ಉಣ್ಣುತ್ತಿದ್ದ ಮಗುವೂ ಬಟ್ಟಲು ದೂಡುತ್ತದೆ. ಆಗ ಎದೆಹಾಲನ್ನು ಇನ್ನೂ ಹೆಚ್ಚು ಸಲ ಕೊಟ್ಟು, ಮೊಸರನ್ನವನ್ನೋ ತೆಳುವಾದ ಕಿಚಡಿಯನ್ನೋ ಎರಡೆರಡು ಚಮಚ ಮುಂದಿಟ್ಟು ನೋಡಬೇಕು. ಜ್ವರ ಬಿಟ್ಟ ಮೇಲೆ ಹಸಿವೆ ಒಮ್ಮೆಲೇ ಮರಳುತ್ತದೆ. ಕಳೆದುಕೊಂಡ ತೂಕವನ್ನು ಮಗು ತಾನೇ ತುಂಬಿಕೊಳ್ಳುವ ಹೊತ್ತು ಅದು. ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಬೇಕು.